ನೋಡದ್ದಕ್ಕೆ ಟಿಕ್ ಹಾಕಬಾರದು
ಬಿ.ಕಾಂ. ಮೊದಲ ವರ್ಷಕ್ಕೆ ಸೇರಿದವರಿಗೆ ಸೂಚನೆ

ಈ ವರ್ಷ ಬಿ.ಕಾಂ.ಗೆ ಸೇರಿದ ಎಲ್ಲರೂ ಇದನ್ನು ಓದಬೇಕು. ಹುಬ್ಬಳ್ಳಿ-ಧಾರವಾಡದವರು, ಕುಂದಗೋಳ, ನವಲಗುಂದ, ಕಲಘಟಗಿ, ಅಣ್ಣಿಗೇರಿಯಿಂದ ಬೆಳಗಿನ ಬಸ್ಸು ಹಿಡಿದು ಬರುವವರು, ಗದಗ, ಹಾವೇರಿ ಕಡೆಯಿಂದ ಬಂದು ಸಪ್ತಾಪುರದಲ್ಲಿ ರೂಮು ಹಿಡಿದವರು, ಎಲ್ಲರೂ. ನೋಟಿಸ್ ಬೋರ್ಡಿನ ಮುಂದೆ ಮೊಬೈಲಿನಲ್ಲಿ ಬರೀ ಫೋಟೊ ಹೊಡೆದುಕೊಂಡು ಹೋಗಬೇಡಿ. ಕೂತು ಓದಿ. ಮನೆಗೆ ಹೋದ ಮೇಲೆ ಅಪ್ಪ-ಅವ್ವನಿಗೂ ಓದಿ ಹೇಳಿ, ಅವರಿಗೆ ಹೇಳುವ ಮಾತುಗಳೂ ಇದರಲ್ಲಿವೆ.

ನಾನು ಧಾರವಾಡದಲ್ಲಿ ಓದಿದವಳು, ಹುಬ್ಬಳ್ಳಿಯಲ್ಲಿ ಸಿ.ಎ. ತರಬೇತಿಯಾದ ಆರ್ಟಿಕಲ್‌ಶಿಪ್ ಮಾಡಿದವಳು, ಈಗ ಅಕೌಂಟೆನ್ಸಿ ಕಲಿಸುತ್ತೇನೆ. ಜಾಣರಾದ ಹುಡುಗ ಹುಡುಗಿಯರು ಸಣ್ಣ ಸಣ್ಣ ತಪ್ಪಿಗೆ ಎರಡು ಮೂರು ವರ್ಷ ಕಳೆದುಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ. ಕೆಳಗೆ ಬರೆದ ನಿಯಮಗಳೆಲ್ಲ ಒಂದೇ ಮಾತಿನಿಂದ ಹುಟ್ಟಿದವು: ಕಣ್ಣಿಂದ ನೋಡದ್ದಕ್ಕೆ, ಕೈಯಿಂದ ಮಾಡದ್ದಕ್ಕೆ ನಿಮ್ಮ ಗುರುತು ಹಾಕಬಾರದು. ಅದು ಹೋಮ್‌ವರ್ಕ್ ಇರಲಿ, ಆಡಿಟ್ ಇರಲಿ, ಸಹಿ ಇರಲಿ.

ತರಗತಿಯಲ್ಲಿ

ಮಾಡಬೇಕಾದ್ದು: ಮೊದಲ ಸೆಮಿಸ್ಟರ್ ಪೂರ್ತಿ ಲೆಕ್ಕವನ್ನು ಕೈಯಿಂದ ಬರೆಯಬೇಕು. ಕೀರ್ದಿ, ಖಾತೆ, ತಾಳೆಪಟ್ಟಿ, ಅಢಾವೆ ಪತ್ರಿಕೆ, ಈ ನಾಲ್ಕು ಮೆಟ್ಟಿಲನ್ನೂ ಒಂದೂ ಬಿಡದೆ ಹತ್ತಬೇಕು. ‘ಟ್ಯಾಲಿ ಎಲ್ಲಾ ತಾನ ಮಾಡತೈತ್ರಿ ಮೇಡಂ’ ಎಂದು ಪ್ರತಿ ವರ್ಷ ಯಾರಾದರೂ ಹೇಳುತ್ತಾರೆ. ಮಾಡುತ್ತದೆ, ನಿಜ. ನೀವು ತಪ್ಪು ಖಾತೆಗೆ ಹಾಕಿದರೆ ತಪ್ಪನ್ನೂ ಅಷ್ಟೇ ಅಚ್ಚುಕಟ್ಟಾಗಿ ಮುದ್ರಿಸಿ ಕೊಡುತ್ತದೆ. ಆ ತಪ್ಪು ಎಲ್ಲಿ ಹುಟ್ಟಿತು ಎಂದು ಹುಡುಕಲು ಬೇಕಾದ ಕಣ್ಣು ಕೈಯಿಂದ ಬರೆದವರಿಗೆ ಮಾತ್ರ ಬರುತ್ತದೆ.

ತಾಳೆಪಟ್ಟಿ ಕೂಡದಿದ್ದರೆ ಪಕ್ಕದವರ ಪುಟ ನೋಡಬಾರದು. ವ್ಯತ್ಯಾಸದ ಮೊತ್ತವನ್ನೇ ದಿಟ್ಟಿಸಿ ನೋಡಬೇಕು, ಅದು ಮಾತಾಡುತ್ತದೆ. ವ್ಯತ್ಯಾಸ 900 ರೂಪಾಯಿ ಬಂತು ಎನ್ನಿ. ಒಂಬತ್ತರಿಂದ ಭಾಗಿಸಿ. ಶೇಷವಿಲ್ಲದೆ ಹೋದರೆ ಅಂಕಿ ಅದಲು ಬದಲಾಗಿರಬಹುದು: 4,530 ಬರೆಯುವಲ್ಲಿ 5,430 ಬರೆದಿದ್ದೀರಾ ನೋಡಿ. ವ್ಯತ್ಯಾಸ 1,240 ಬಂದರೆ ಅರ್ಧ ಮಾಡಿ, 620ರ ಮೊತ್ತ ಯಾವುದಾದರೂ ಖಾತೆಯ ತಪ್ಪು ಮಗ್ಗುಲಿಗೆ ಬಿದ್ದಿದೆಯೋ ಹುಡುಕಿ. ಸರಿಯಾಗಿ 100, 1,000 ಬಂದರೆ ಕೂಡಿಸುವಾಗ ದಶಕ ಬಿಟ್ಟಿರುತ್ತೀರಿ. ಹೀಗೆ ಹುಡುಕಿ ಸಿಕ್ಕ ಒಂದು ತಪ್ಪು ಹತ್ತು ಸರಿ ಲೆಕ್ಕಕ್ಕಿಂತ ಹೆಚ್ಚು ಕಲಿಸುತ್ತದೆ.

ಮಾಡಬಾರದ್ದು: ಕೂಡದ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ ತಳ್ಳಿ ಗೆರೆ ಎಳೆಯಬಾರದು. ಸಸ್ಪೆನ್ಸ್ ಎಂಬುದು ಹುಡುಕುವವರೆಗಿನ ತಂಗುದಾಣ. ಹುಡುಕುವುದನ್ನೇ ಬಿಟ್ಟವರಿಗೆ ಅದು ಸುಳ್ಳಿನ ಖಾತೆಯಾಗುತ್ತದೆ. ಉತ್ತರಪತ್ರಿಕೆಯಲ್ಲಿ ಎರಡೂ ಕಡೆಯ ಮೊತ್ತ ಸಮ ಬರಲಿ ಎಂದು ನಡುವೆ ಒಂದು ಅಂಕಿ ತಿದ್ದುವವರನ್ನು ನಾನು ಕೂಡಲೆ ಗುರುತಿಸುತ್ತೇನೆ. ಕೂಡದ ಪ್ರಾಮಾಣಿಕ ತಾಳೆಪಟ್ಟಿಗೆ ಅಂಕ ಕೊಡುತ್ತೇನೆ, ತಿದ್ದಿ ಕೂಡಿಸಿದ್ದಕ್ಕೆ ಕೊಡುವುದಿಲ್ಲ.

ಡೆಬಿಟ್-ಕ್ರೆಡಿಟ್ ಸೂತ್ರವನ್ನು ಮಗ್ಗಿಯ ಹಾಗೆ ಉರು ಹೊಡೆಯಬಾರದು. ಪ್ರತಿ ವರ್ಷ ಬರುವ ಪ್ರಶ್ನೆ ಇದು: ‘ಪಾಸ್‌ಬುಕ್ಕಿನ್ಯಾಗ ರೊಕ್ಕ ಜಮಾ ಆದ್ರ ಕ್ರೆಡಿಟ್ ಅಂತೈತಿ, ನೀವು ಬ್ಯಾಂಕ್ ಖಾತೆ ಡೆಬಿಟ್ ಮಾಡ್ರಿ ಅಂತೀರಿ, ಯಾವುದು ಖರೇರಿ?’ ಎರಡೂ ಖರೆ. ಪಾಸ್‌ಬುಕ್ ಬ್ಯಾಂಕಿನವರು ಬರೆದ ಪುಸ್ತಕ. ಅವರು ನಿಮಗೆ ರೊಕ್ಕ ಕೊಡಬೇಕು, ಅದಕ್ಕೆ ಅವರ ಪುಸ್ತಕದಲ್ಲಿ ನಿಮ್ಮ ಹೆಸರಿಗೆ ಕ್ರೆಡಿಟ್. ನಿಮ್ಮ ಪುಸ್ತಕದಲ್ಲಿ ಅವರಿಂದ ಬರಬೇಕಾದದ್ದು, ಅದಕ್ಕೆ ಡೆಬಿಟ್. ಯಾರ ಪುಸ್ತಕ ಇದು ಎಂದು ಮೊದಲು ಕೇಳಿಕೊಳ್ಳುವುದನ್ನು ರೂಢಿ ಮಾಡಿಕೊಂಡರೆ ಬ್ಯಾಂಕ್ ಹೊಂದಾಣಿಕೆ ಪಟ್ಟಿಯ ಅರ್ಧ ಭಯ ಅಲ್ಲಿಗೇ ಹೋಗುತ್ತದೆ.

ಮನೆಯಲ್ಲಿ ಅಂಗಡಿ ಇದ್ದವರು, ಅಮರಗೋಳದ ಎ.ಪಿ.ಎಂ.ಸಿ.ಯಲ್ಲಿ ಅಡತಿ ನಡೆಸುವ ಮನೆಯವರು, ನಿಮ್ಮ ಅಜ್ಜಂದಿರ ಕೆಂಪು ಬಟ್ಟೆಯ ಕೀರ್ದಿಪುಸ್ತಕವನ್ನು ಒಮ್ಮೆ ಬಿಚ್ಚಿ ನೋಡಬೇಕು. ಜಮಾ, ಖರ್ಚು, ಉದ್ರಿ, ಶಿಲ್ಕು. ಪಠ್ಯಪುಸ್ತಕದ ಇಂಗ್ಲಿಷ್ ಮಾತುಗಳ ಅರ್ಥ ನಿಮ್ಮ ಮನೆಯ ಮಾಡದಲ್ಲೇ ಕೂತಿರುತ್ತದೆ. ದೀಪಾವಳಿಗೆ ಪೂಜೆ ಮಾಡಿ ಮತ್ತೆ ಕಟ್ಟಿಡುವ ಪುಸ್ತಕ ಅದು, ಪೂಜೆಯ ಆಚೆಗೂ ಅದನ್ನು ಓದಿ.

ಪುಸ್ತಕ ಕೊಳ್ಳುವಾಗ

ಮಾಡಬಾರದ್ದು: ಸೀನಿಯರ್‌ಗಳ ಹಳೆಯ ಟ್ಯಾಕ್ಸ್ ನೋಟ್ಸ್ ತೆಗೆದುಕೊಳ್ಳಬಾರದು. ಅಕೌಂಟೆನ್ಸಿಯ ಹಳೆಯ ಪುಸ್ತಕ ನಡೆಯುತ್ತದೆ, ಟ್ಯಾಕ್ಸಿನದು ನಡೆಯುವುದೇ ಇಲ್ಲ, ಅದರಲ್ಲೂ ಈಗಂತೂ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ ಬಂದಿದೆ, 2026ರ ಏಪ್ರಿಲ್ 1ರಿಂದ ಅದೇ ಜಾರಿ. ಸೆಕ್ಷನ್ ಸಂಖ್ಯೆಗಳು ಬದಲಾಗಿವೆ, ‘ಪ್ರೀವಿಯಸ್ ಇಯರ್’, ‘ಅಸೆಸ್‌ಮೆಂಟ್ ಇಯರ್’ ಎಂದು ನಾವು ವರ್ಷಗಟ್ಟಲೆ ಹೇಳಿಕೊಂಡು ಬಂದ ಜಾಗದಲ್ಲಿ ‘ಟ್ಯಾಕ್ಸ್ ಇಯರ್’ ಬಂದಿದೆ. ಜಿ.ಎಸ್.ಟಿ.ಯಲ್ಲಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12 ಮತ್ತು 28ರ ಹಂತಗಳನ್ನು ಬಹುಮಟ್ಟಿಗೆ ತೆಗೆದು 5 ಮತ್ತು 18ಕ್ಕೆ ಇಳಿಸಿದ್ದಾರೆ, ಕೆಲವೇ ಸರಕಿಗೆ 40. ಹಳೆಯ ನೋಟ್ಸಿನ ದರ ಹಾಕಿ ಲೆಕ್ಕ ಮಾಡಿದರೆ ವಿಧಾನ ಸರಿ ಇದ್ದರೂ ಉತ್ತರ ತಪ್ಪು.

ಮಾಡಬೇಕಾದ್ದು: ಪುಸ್ತಕದ ಮೊದಲ ಪುಟದಲ್ಲಿ ಆವೃತ್ತಿ ನೋಡಬೇಕು. ಸಿ.ಎ. ಓದುವವರು ಪರೀಕ್ಷೆಗೆ ಯಾವ ತಾರೀಖಿನವರೆಗಿನ ಕಾನೂನು ಅನ್ವಯಿಸುತ್ತದೆ ಎಂದು ಸಿ.ಎ. ಇನ್‌ಸ್ಟಿಟ್ಯೂಟ್ ಪ್ರಕಟಿಸುವುದನ್ನು ಪ್ರತಿ ಸಲ ನೋಡಿ ಬರೆದಿಟ್ಟುಕೊಳ್ಳಬೇಕು.

ಇಂಗ್ಲಿಷಿನ ಬಗ್ಗೆ, ಮುಚ್ಚುಮರೆ ಇಲ್ಲದೆ

ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಯಾರೂ ನೇರವಾಗಿ ಹೇಳದ ಮಾತೊಂದಿದೆ. ಸಿ.ಎ. ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಇಲ್ಲವೆ ಹಿಂದಿಯಲ್ಲಿ ಮಾತ್ರ ಬರೆಯಬಹುದು. ಕನ್ನಡದಲ್ಲಿ ಅವಕಾಶ ಇಲ್ಲ. ಇದು ನನಗೆ ನೋವಿನ ವಿಷಯ, ಬದಲಾಗಬೇಕಾದ ವಿಷಯ. ಆದರೆ ನೀವು ಕೂರುವ ಪರೀಕ್ಷೆಯ ಹೊತ್ತಿಗೆ ಬದಲಾಗುತ್ತದೆಂದು ನಂಬಿ ಕೂರಬಾರದು.

ಮಾಡಬೇಕಾದ್ದು ಇಷ್ಟು. ವಿಷಯವನ್ನು ಕನ್ನಡದಲ್ಲಿ ಅರ್ಥ ಮಾಡಿಕೊಳ್ಳಿ, ಉತ್ತರವನ್ನು ಇಂಗ್ಲಿಷಿನಲ್ಲಿ ಬರೆಯುವ ಅಭ್ಯಾಸ ಮಾಡಿ. ದಿನಕ್ಕೆ ಒಂದು ಪುಟ, ಕಾನೂನಿನ ಒಂದೇ ಒಂದು ಪ್ರಶ್ನೆ: ಕಾನೂನು ಏನು ಹೇಳುತ್ತದೆ, ಕೊಟ್ಟ ಸಂದರ್ಭದಲ್ಲಿ ಏನಾಗಿದೆ, ಹಾಗಾದರೆ ತೀರ್ಮಾನ ಏನು. ಮೂರು ಸಣ್ಣ ವಾಕ್ಯಗಳು ಸಾಕು. ಅಲಂಕಾರದ ಇಂಗ್ಲಿಷು ಯಾರಿಗೂ ಬೇಡ. ಹೀಗೆ ಒಂದು ವರ್ಷ ಬರೆದ ನವಲಗುಂದದ ಹುಡುಗಿ ಕಾನ್ವೆಂಟಿನಲ್ಲಿ ಓದಿದವರನ್ನು ಹಿಂದೆ ಹಾಕಿದ್ದನ್ನು ಕಂಡಿದ್ದೇನೆ.

ಇಂಗ್ಲಿಷು ಬರುವವರು ಬಾರದವರನ್ನು ನೋಡಿ ನಗಬಾರದು. ನನ್ನ ತರಗತಿಯಲ್ಲಿ ಅದಕ್ಕೆ ಕ್ಷಮೆ ಇಲ್ಲ.

ಯಾವ ದಾರಿ

ಮಾಡಬಾರದ್ದು: ಸಿ.ಎ., ಸಿ.ಎಂ.ಎ., ಸಿ.ಎಸ್. ಮೂರಕ್ಕೂ ಒಂದೇ ವರ್ಷ ಹೆಸರು ಹಚ್ಚಬಾರದು. ಮೂರೂ ಕಡೆ ಫೀ ಕಟ್ಟಿ ಒಂದನ್ನೂ ಮುಗಿಸದವರು ನಮ್ಮಲ್ಲಿ ಬಹಳ. ಅಣ್ಣ ಮಾಡಿದ, ಸೋದರತ್ತೆಯ ಮಗ ಮಾಡಿದ ಎಂದು ಆರಿಸಿಕೊಳ್ಳಲೂಬಾರದು.

ಸಿ.ಎ.ಗೆ ಎರಡು ಬಾಗಿಲಿವೆ. ಪಿ.ಯು. ಆದ ಮೇಲೆ ಫೌಂಡೇಶನ್ ಬರೆಯುವುದು ಒಂದು. ನೋಂದಣಿಗೂ ಪರೀಕ್ಷೆಗೂ ನಡುವೆ ನಾಲ್ಕು ತಿಂಗಳ ಅಂತರ ಬೇಕು, ಆದ್ದರಿಂದ ‘ಮುಂದಿನ ತಿಂಗಳ ಪರೀಕ್ಷೆ ಬರಿತೀನ್ರಿ’ ಎಂದು ಓಡಿ ಬಂದರೆ ಆಗುವುದಿಲ್ಲ. ಇನ್ನೊಂದು ಬಾಗಿಲು ಪದವಿಯಿಂದ: ಕಾಮರ್ಸ್ ಪದವಿಯಲ್ಲಿ ಶೇಕಡಾ 55 ಬಂದವರಿಗೆ ಫೌಂಡೇಶನ್ ಬೇಕಿಲ್ಲ, ನೇರ ಇಂಟರ್‌ಮೀಡಿಯೆಟ್‌ಗೆ ಹೆಸರು ಹಚ್ಚಬಹುದು. ಬೇರೆ ಪದವಿಯವರಿಗೆ 60. ಹಳ್ಳಿಯಿಂದ ಬಂದು ಇನ್ನೂ ಕಾಲೂರುತ್ತಿರುವವರಿಗೆ ಎರಡನೆಯ ಬಾಗಿಲೇ ಒಳ್ಳೆಯದೆಂದು ನನ್ನ ಅನಿಸಿಕೆ. ಆದರೆ ಆ 55ನ್ನು ಮೊದಲ ಸೆಮಿಸ್ಟರಿನಿಂದಲೇ ಕಾಯ್ದುಕೊಳ್ಳಬೇಕು. ಕೊನೆಯ ವರ್ಷ 54.6 ಬಂದು ಅತ್ತವರನ್ನು ಸಮಾಧಾನ ಮಾಡುವುದು ಬಹಳ ಕಷ್ಟದ ಕೆಲಸ.

ಪದವಿ ಎಷ್ಟು ವರ್ಷ ಎಂಬ ಗೊಂದಲ ಇನ್ನೂ ಕೆಲವರಿಗೆ ಇದೆ. 2021-22ರಲ್ಲಿ ಬಂದ ನಾಲ್ಕು ವರ್ಷದ ಪದ್ಧತಿ ಹೋಗಿ 2024-25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಪದವಿ ಬಂದಿದೆ. ಪ್ರವೇಶ, ಪರೀಕ್ಷಾ ಅರ್ಜಿ, ಅಂಕಪಟ್ಟಿ ಎಲ್ಲವೂ ಯು.ಯು.ಸಿ.ಎಂ.ಎಸ್. ಪೋರ್ಟಲಿನಲ್ಲಿ. ಅಲ್ಲಿ ನಿಮ್ಮ ಹೆಸರು ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಇದ್ದ ಹಾಗೆಯೇ, ಒಂದು ಅಕ್ಷರ ಹೆಚ್ಚು ಕಡಿಮೆ ಇಲ್ಲದೆ ಇರಬೇಕು. ಮುಂದೆ ಇನ್‌ಸ್ಟಿಟ್ಯೂಟಿನಲ್ಲಿ, ಪ್ಯಾನ್ ಕಾರ್ಡಿನಲ್ಲಿ, ನೌಕರಿಯಲ್ಲಿ ಅದೇ ಹೆಸರು ಓಡಾಡುತ್ತದೆ.

ಸಿ.ಎ. ಆಗದವರು ಸೋತವರಲ್ಲ. ಇದನ್ನು ಅಪ್ಪ-ಅವ್ವಂದಿರು ಎರಡು ಸಲ ಓದಬೇಕು. ನಮ್ಮ ಅವಳಿ ನಗರದ ಸುತ್ತ ಒಮ್ಮೆ ಕಣ್ಣು ಹಾಯಿಸಿ: ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದೆ, ಹೆಸ್ಕಾಂ ಇಲ್ಲೇ, ವಾಯವ್ಯ ಸಾರಿಗೆ ಸಂಸ್ಥೆ ಇಲ್ಲೇ. ಎಲ್ಲದರಲ್ಲೂ ಲೆಕ್ಕಪತ್ರ ವಿಭಾಗವಿದೆ, ಎಲ್ಲದಕ್ಕೂ ಲೆಕ್ಕ ಬಲ್ಲವರು ಬೇಕು. ರೈಲ್ವೆ ನೇಮಕಾತಿಯಲ್ಲಿ ಪದವೀಧರರಿಗೆ ಜೂನಿಯರ್ ಅಕೌಂಟ್ಸ್ ಅಸಿಸ್ಟೆಂಟ್ ಹುದ್ದೆ, ಎಸ್.ಎಸ್.ಸಿ. ಪದವಿ ಮಟ್ಟದ ಪರೀಕ್ಷೆಯಲ್ಲಿ ಆಡಿಟರ್, ಅಕೌಂಟೆಂಟ್, ಆದಾಯ ತೆರಿಗೆ ಇನ್‌ಸ್ಪೆಕ್ಟರ್ ಹುದ್ದೆ, ಕೆ.ಪಿ.ಎಸ್.ಸಿ.ಯಲ್ಲಿ ವಾಣಿಜ್ಯ ತೆರಿಗೆ ಪರಿವೀಕ್ಷಕರ ಹುದ್ದೆ, ಇವೆಲ್ಲ ಬಿ.ಕಾಂ. ಓದಿದ ಕೈಗೆ ಹತ್ತಿರದವು. ಪಾಠ ಮಾಡುವ ಆಸೆ ಇದ್ದವರು ಎಂ.ಕಾಂ. ಮಾಡಿ ನೆಟ್ ಅಥವಾ ಕೆ-ಸೆಟ್ ಬರೆಯಬಹುದು.

ಬ್ಯಾಂಕ್ ಪರೀಕ್ಷೆಗೆ ಓದುವವರು ಹಳೆಯ ಮಾಹಿತಿ ಹಿಡಿದು ಕೂರಬಾರದು. ಧಾರವಾಡದಲ್ಲಿ ಕೇಂದ್ರ ಕಚೇರಿ ಇದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಬೇರೆ ಬ್ಯಾಂಕಾಗಿ ಉಳಿದಿಲ್ಲ. ರಾಜ್ಯದ ಎರಡೂ ಗ್ರಾಮೀಣ ಬ್ಯಾಂಕ್ ಸೇರಿ ಈಗ ಕರ್ನಾಟಕ ಗ್ರಾಮೀಣ ಬ್ಯಾಂಕ್, ಕೇಂದ್ರ ಕಚೇರಿ ಬಳ್ಳಾರಿಯಲ್ಲಿ. ಸಂದರ್ಶನದಲ್ಲಿ ಹಳೆಯ ಹೆಸರು ಹೇಳಿದರೆ ನಿಮ್ಮ ಓದಿನ ವಯಸ್ಸು ಅಲ್ಲೇ ಗೊತ್ತಾಗುತ್ತದೆ.

ಕೋಚಿಂಗ್

ಮಾಡಬಾರದ್ದು: ಪೂರ್ತಿ ಕೋರ್ಸಿನ ಫೀಯನ್ನು ಒಂದೇ ಕಂತಿನಲ್ಲಿ ಕಟ್ಟಬಾರದು. ಎರಡು ದಿನ ತರಗತಿಯಲ್ಲಿ ಕೂತು ನೋಡದೆ ಕಟ್ಟಲೇಬಾರದು. ಗೋಡೆಯ ಮೇಲಿನ ರ‍್ಯಾಂಕಿನವರ ಫೋಟೊ ನೋಡಿ ಕಟ್ಟಬಾರದು. ರಶೀದಿ ಇಲ್ಲದೆ ನಗದು ಕೊಡಬಾರದು, ಅಪ್ಪ ಶೇಂಗಾ ಮಾರಿ ತಂದ ರೊಕ್ಕ ಅದು.

ಮಾಡಬೇಕಾದ್ದು: ಬಿಲ್ ಕೇಳಿ ತೆಗೆದುಕೊಳ್ಳಿ. ಖಾಸಗಿ ಕೋಚಿಂಗ್‌ಗೆ ಶೇಕಡಾ 18 ಜಿ.ಎಸ್.ಟಿ. ಇದೆ. ತೆರಿಗೆ ಎಂದು ರೊಕ್ಕ ತೆಗೆದುಕೊಂಡರೆ ಬಿಲ್ಲಿನ ಮೇಲೆ 15 ಅಕ್ಷರ-ಅಂಕಿಯ ನೋಂದಣಿ ಸಂಖ್ಯೆ ಇರಲೇಬೇಕು. ಕರ್ನಾಟಕದ್ದಾದರೆ ಮೊದಲ ಎರಡು ಅಂಕಿ 29, ಮುಂದಿನ ಹತ್ತು ಅವರ ಪ್ಯಾನ್. ಜಿ.ಎಸ್.ಟಿ. ಪೋರ್ಟಲಿನಲ್ಲಿ ಆ ಸಂಖ್ಯೆ ಹಾಕಿದರೆ ಯಾರ ಹೆಸರಿಗಿದೆ, ಚಾಲ್ತಿಯಲ್ಲಿದೆಯೇ ಎಂದು ಯಾರು ಬೇಕಾದರೂ ನೋಡಬಹುದು. ನಿಮ್ಮ ಕಲಿಕೆಯ ಮೊದಲ ಆಡಿಟ್ ನಿಮ್ಮದೇ ಫೀ ರಶೀದಿಯಿಂದ ಶುರುವಾಗಲಿ.

ಸಿ.ಎ. ಇನ್‌ಸ್ಟಿಟ್ಯೂಟಿನ ಅಧ್ಯಯನ ಸಾಮಗ್ರಿ, ಹಳೆಯ ಪ್ರಶ್ನೆಪತ್ರಿಕೆ, ಅಣಕು ಪರೀಕ್ಷೆಯ ಪತ್ರಿಕೆ ಎಲ್ಲವೂ ಅದರ ತಾಣದಲ್ಲಿ ಬಿಟ್ಟಿ ಸಿಗುತ್ತವೆ, ಆನ್‌ಲೈನ್ ತರಗತಿಗಳನ್ನೂ ಅದು ನಡೆಸುತ್ತದೆ. ಅದರ ಶಾಖೆ ಹುಬ್ಬಳ್ಳಿಯಲ್ಲೇ ಇದೆ. ಅಲ್ಲಿಗೆ ಹೋಗಿ ಕೇಳಲು ಸಂಕೋಚ ಪಡಬಾರದು. ಕೋಚಿಂಗ್ ಬೇಡವೆನ್ನುವುದಿಲ್ಲ, ಬೇಕಾದವರಿಗೆ ಬೇಕು. ಆದರೆ ಇನ್‌ಸ್ಟಿಟ್ಯೂಟಿನ ಪುಸ್ತಕ ತೆರೆಯದೆ ಬರೀ ಕೋಚಿಂಗಿನ ಪಿ.ಡಿ.ಎಫ್. ನಂಬಿದವರು ದಡ ಮುಟ್ಟಿದ್ದು ಕಡಿಮೆ.

ಆರ್ಟಿಕಲ್‌ಶಿಪ್

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

2023ರ ಜುಲೈ 1ರಿಂದ ಬಂದ ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್ ಎರಡು ವರ್ಷ, ಮೊದಲು ಮೂರು ಇತ್ತು. ಇಂಟರ್‌ಮೀಡಿಯೆಟ್‌ನ ಎರಡೂ ಗ್ರೂಪ್ ಪಾಸಾಗಿ, ಕಂಪ್ಯೂಟರ್ ಮತ್ತು ಓರಿಯೆಂಟೇಶನ್ ತರಬೇತಿ ಮುಗಿಸಿದ ಮೇಲೆ ಶುರು. ಅದು ಮುಗಿದು ಆರು ತಿಂಗಳಾದ ಮೇಲೆ ಫೈನಲ್. ರಜೆ ವರ್ಷಕ್ಕೆ 12 ದಿನ ಮಾತ್ರ. ಊರ ಜಾತ್ರೆ, ಅಕ್ಕನ ಮದುವೆ, ಪರೀಕ್ಷೆಯ ಓದು ಎಲ್ಲ ಅದರಲ್ಲೇ ಹೊಂದಿಸಬೇಕು, ಮನೆಯವರಿಗೆ ಇದನ್ನು ಮೊದಲೇ ಹೇಳಿ.

ಮಾಡಬಾರದ್ದರಲ್ಲಿ ಎಲ್ಲಕ್ಕಿಂತ ಮೊದಲನೆಯದು: ಡಮ್ಮಿ ಆರ್ಟಿಕಲ್‌ಶಿಪ್. ಆಫೀಸಿಗೆ ಹೋಗದೆ ಕಾಗದದ ಮೇಲೆ ಹೆಸರು ಹಚ್ಚಿ, ಎರಡು ವರ್ಷ ಮನೆಯಲ್ಲಿ ಕೂತು ಓದುವುದು. ‘ಎಲ್ಲಾರೂ ಮಾಡ್ತಾರ್ರಿ’ ಎನ್ನುತ್ತಾರೆ. ಎಲ್ಲರೂ ಮಾಡುವುದಿಲ್ಲ. ಸಿಕ್ಕಿಬಿದ್ದರೆ ಮಾಡಿದ ತರಬೇತಿಯೂ ರದ್ದಾಗಬಹುದು, ಸಹಿ ಹಾಕಿದ ಸಿ.ಎ. ಮೇಲೂ ಶಿಸ್ತು ಕ್ರಮ ಆಗುತ್ತದೆ. ಸಿಕ್ಕಿಬೀಳದೆ ಹೋದರೆ ಇನ್ನೂ ಕೆಟ್ಟದು. ಒಂದು ವೋಚರನ್ನೂ ಕೈಯಲ್ಲಿ ಹಿಡಿಯದೆ ಸಿ.ಎ. ಆದವರು ಮುಂದೆ ಬೇರೆಯವರ ಲೆಕ್ಕ ಸರಿ ಇದೆ ಎಂದು ಸಹಿ ಹಾಕುತ್ತಾರೆ. ನೋಡದ್ದಕ್ಕೆ ಹಾಕಿದ ಟಿಕ್ಕುಗಳಲ್ಲಿ ಇದಕ್ಕಿಂತ ದೊಡ್ಡದು ಇಲ್ಲ.

ಸಣ್ಣ ಟಿಕ್ಕಿನ ಕಥೆ ನನ್ನದೇ ಇದೆ. ಆರ್ಟಿಕಲ್ ಆಗಿ ನಾಲ್ಕನೆಯ ತಿಂಗಳು. ಅಡತಿ ಅಂಗಡಿಯೊಂದಕ್ಕೆ ವೋಚಿಂಗ್‌ಗೆ, ಅಂದರೆ ಚೀಟಿ ನೋಡಿ ಲೆಕ್ಕ ತಾಳೆ ಹಾಕಲು, ಕಳಿಸಿದ್ದರು. ಹೊರಗೆ ಮೆಣಸಿನಕಾಯಿ ಚೀಲ ಇಳಿಯುತ್ತಿದ್ದವು, ಒಳಗೆ ಕೆಮ್ಮು. ಕ್ಯಾಶ್‌ಬುಕ್ ಎಡಗಡೆ, ವೋಚರ್ ಫೈಲು ಬಲಗಡೆ, ಕೈಯಲ್ಲಿ ಹಸಿರು ಪೆನ್ನು. ಮೂರು ಗಂಟೆಯ ಹೊತ್ತಿಗೆ ಬೇಗ ಮುಗಿಸಿ ಹೋಗುವ ಆತುರ. ಹಮಾಲಿ ಎಂದು ಬರೆದ ಸಾಲುಗಳು ದಿನಾ ಒಂದೇ ತರಹ, ಫೈಲಿನ ಹಾಳೆ ತಿರುವುವುದನ್ನು ಬಿಟ್ಟೆ, ಕ್ಯಾಶ್‌ಬುಕ್ಕಿನಲ್ಲಿ ಮೇಲಿಂದ ಕೆಳಗೆ ಟಿಕ್ ಹೊಡೆದುಕೊಂಡು ಹೋದೆ. ಅಂಗಡಿಯ ದಿವಾಣಜಿ ಮೂವತ್ತು ವರ್ಷ ಅಲ್ಲೇ ಕೂತವರು. ಚಹಾ ಕೊಡಲು ಬಂದವರು ಪುಟ ನೋಡಿ, 1,850 ರೂಪಾಯಿಯ ಸಾಲಿನ ಮೇಲೆ ಬೆರಳಿಟ್ಟು ಮೆತ್ತಗೆ ಕೇಳಿದರು: ‘ತಂಗೀ, ಈ ಚೀಟಿ ನೀವು ಎಲ್ಲಿ ನೋಡೀರಿ?’ ನಾನು ಫೈಲು ತಿರುವತೊಡಗಿದೆ. ಅವರು ತಮ್ಮ ಮೇಜಿನ ಪೆಟ್ಟಿಗೆ ತೆರೆದು ಚೀಟಿಯನ್ನು ತೆಗೆದು ಮುಂದೆ ಇಟ್ಟರು. ಹಮಾಲರ ಮುಖ್ಯಸ್ಥ ಇನ್ನೂ ಹೆಬ್ಬೆಟ್ಟು ಒತ್ತಿರಲಿಲ್ಲ. ಪುಸ್ತಕದಲ್ಲಿ ಖರ್ಚು ಬಿದ್ದಿತ್ತು, ರೊಕ್ಕ ಇನ್ನೂ ಕೊಟ್ಟಿರಲಿಲ್ಲ. ‘ಇದು ಇನ್ನೂ ನನ್ನ ಪೆಟ್ಟಿಗ್ಯಾಗ ಐತ್ರಿ. ನಿಮ್ಮ ಟಿಕ್ ಹ್ಯಾಂಗ ಬಿತ್ತು?’

ಆಫೀಸಿಗೆ ಬಂದು ನಮ್ಮ ಸಿ.ಎ. ಸರ್‌ಗೆ ನಾನೇ ಹೇಳಿದೆ. ಅವರು ಬೈಯಲಿಲ್ಲ. ಮರುದಿನ ಮತ್ತೆ ಅದೇ ಅಂಗಡಿಗೆ ಕಳಿಸಿ, ಇಡೀ ತಿಂಗಳನ್ನು ಬೇರೆ ಬಣ್ಣದ ಪೆನ್ನಿನಿಂದ ಮೊದಲಿನಿಂದ ಮಾಡಿಸಿದರು. ಆ ಪುಸ್ತಕದ ಪುಟಗಳಲ್ಲಿ ಎರಡು ಬಣ್ಣದ ಟಿಕ್ಕುಗಳು ಅಕ್ಕಪಕ್ಕ ನಿಂತಿದ್ದವು.

ಅದಕ್ಕೇ ಹೇಳುವುದು. ವೋಚರ್ ಕೈಯಲ್ಲಿ ಹಿಡಿದು, ತಾರೀಖು, ಮೊತ್ತ, ಯಾರಿಗೆ, ಯಾತಕ್ಕೆ, ಪಡೆದವರ ಸಹಿ, ಐದನ್ನೂ ನೋಡಿ ಟಿಕ್ ಹಾಕಬೇಕು. ಸಿಗದ್ದನ್ನು ಬೇರೆ ಹಾಳೆಯಲ್ಲಿ ಬರೆದು ಪ್ರಶ್ನೆಯಾಗಿ ಇಡಬೇಕು. ‘ಆಮ್ಯಾಲೆ ಕೊಡ್ತೇವ್ರಿ’ ಎಂದವರ ಮಾತಿಗೆ ಟಿಕ್ ಇಲ್ಲ.

ಫೈಲು ಹೊಲಿಯುವುದು, ಜೆರಾಕ್ಸ್ ಮಾಡಿಸುವುದು, ಬ್ಯಾಂಕಿಗೆ ಓಡುವುದು ಮೊದಲ ತಿಂಗಳುಗಳಲ್ಲಿ ಬರುತ್ತದೆ. ಅದನ್ನು ಕೀಳೆಂದು ತಿಳಿಯಬಾರದು, ಹೊಲಿಯುವಾಗ ಓದಿದವರು ಕಲಿಯುತ್ತಾರೆ. ಆದರೆ ಆರು ತಿಂಗಳಾದರೂ ಅದೇ ಆಗಿದ್ದರೆ ಸುಮ್ಮನಿರಲೂಬಾರದು. ‘ಸರ್, ನನಗ ಒಂದು ಜಿ.ಎಸ್.ಟಿ. ರಿಟರ್ನ್ ಪೂರ್ತಿ ಮಾಡಾಕ ಕೊಡ್ರಿ’ ಎಂದು ಕೇಳುವುದು ಉದ್ಧಟತನ ಅಲ್ಲ, ನಿಮ್ಮ ಹಕ್ಕು. ತಿಂಗಳ 11ಕ್ಕೆ ಮಾರಾಟದ ವಿವರ, 20ಕ್ಕೆ ತೆರಿಗೆಯ ರಿಟರ್ನ್, 7ಕ್ಕೆ ಟಿ.ಡಿ.ಎಸ್. ಕಟ್ಟುವುದು, ಈ ತಾರೀಖುಗಳ ನಡುವೆ ಆಫೀಸು ಹೇಗೆ ಉಸಿರಾಡುತ್ತದೆ ಎಂದು ಒಳಗಿದ್ದವರಿಗೆ ಮಾತ್ರ ತಿಳಿಯುತ್ತದೆ.

ಸ್ಟೈಪೆಂಡ್ ಎಷ್ಟಕ್ಕಿಂತ ಕಡಿಮೆ ಇರಬಾರದು ಎಂದು ಊರಿನ ಜನಸಂಖ್ಯೆ ನೋಡಿ ಇನ್‌ಸ್ಟಿಟ್ಯೂಟ್ ಗೊತ್ತು ಮಾಡಿದೆ. ಬ್ಯಾಂಕ್ ಖಾತೆಗೆ ಬರಬೇಕು. ಖಾತೆಗೆ ಹಾಕಿ ನಗದಾಗಿ ವಾಪಸು ಕೇಳುವವರ ಬಳಿ ಕೆಲಸಕ್ಕೆ ನಿಲ್ಲಬಾರದು, ಲೆಕ್ಕದ ಸುಳ್ಳನ್ನು ಅಲ್ಲೇ ಮೊದಲ ಪಾಠವಾಗಿ ಕಲಿಯುತ್ತೀರಿ.

ಕಕ್ಷಿದಾರರ ವಿಷಯ ಆಫೀಸಿನ ಬಾಗಿಲು ದಾಟಬಾರದು. ಇದು ನಮ್ಮಂಥ ಊರಿನಲ್ಲಿ ಬಹಳ ಮುಖ್ಯ. ಕೊಪ್ಪೀಕರ ರಸ್ತೆಯ ಅಂಗಡಿಯವರೂ ದಾಜಿಬಾನ ಪೇಟೆಯವರೂ ಬೀಗರಾಗಿರುತ್ತಾರೆ. ನೀವು ಚಿಗರಿ ಬಸ್ಸಿನಲ್ಲಿ ಗೆಳತಿಗೆ ಹೇಳಿದ ಲಾಭದ ಅಂಕಿ ಬಸ್ಸು ಉಣಕಲ್ ದಾಟುವುದರೊಳಗೆ ಇನ್ನೊಬ್ಬರ ಕಿವಿಗೆ ಬಿದ್ದಿರುತ್ತದೆ. ಕಕ್ಷಿದಾರರ ಮಾಹಿತಿ ಬಿಟ್ಟುಕೊಡುವುದು ಸಿ.ಎ. ಕಾಯ್ದೆಯಲ್ಲಿ ವೃತ್ತಿ ದುರ್ನಡತೆ. ಮನೆಯಲ್ಲೂ ಹೇಳಬಾರದು. ಅಪ್ಪ ಕೇಳಿದರೂ ಹೇಳಬಾರದು.

ನಿಮ್ಮ ಹೆಸರು, ನಿಮ್ಮ ಕಾಗದ

ಈ ಭಾಗವನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಕಾಮರ್ಸ್ ಮಕ್ಕಳನ್ನು ಹುಡುಕಿಕೊಂಡು ಬರುವವರಿದ್ದಾರೆ. ‘ಆಧಾರ್, ಪ್ಯಾನ್ ಕೊಡು, ಒಂದು ಸಣ್ಣ ಫರ್ಮ್ ತೆಗೆಯೋಣ, ತಿಂಗಳಿಗೆ ಇಷ್ಟು ಕೊಡ್ತೇವಿ.’ ‘ನಿನ್ನ ಖಾತೇದಾಗ ರೊಕ್ಕ ಬರತೈತಿ, ತೆಗೆದು ಕೊಟ್ಟರಾತು.’ ಕೊಡಬಾರದು. ನಿಮ್ಮ ಹೆಸರಿನಲ್ಲಿ ಜಿ.ಎಸ್.ಟಿ. ನೋಂದಣಿ ತೆಗೆದು ಮಾಲಿಲ್ಲದ ಬಿಲ್ಲು ಹರಿಯುತ್ತಾರೆ. ಸುಳ್ಳು ಬಿಲ್ಲಿನ ತೆರಿಗೆ ಮೊತ್ತ 5 ಕೋಟಿ ದಾಟಿದರೆ 5 ವರ್ಷದವರೆಗೆ ಜೈಲು ಇದೆ. ನೋಟಿಸು ಬರುವುದು ನಿಮ್ಮ ಹಳ್ಳಿಯ ಮನೆಗೆ. ನೌಕರಿಗೆ ಪೊಲೀಸ್ ವೆರಿಫಿಕೇಶನ್ ಇರುವ ಕಾಲದಲ್ಲಿ ಒಂದು ಎಫ್.ಐ.ಆರ್. ಸಾಕು.

ಆಫೀಸಿನಲ್ಲಿ ಮಾಲೀಕರ ಡಿಜಿಟಲ್ ಸಹಿಯ ಟೋಕನ್ ನಿಮ್ಮ ಡ್ರಾದಲ್ಲಿ ಇಟ್ಟುಕೊಳ್ಳಬಾರದು. ಕಕ್ಷಿದಾರರ ಓ.ಟಿ.ಪಿ.ಯನ್ನು ಅವರಿಗೆ ತಿಳಿಸದೆ ಬಳಸಬಾರದು. ಸಿ.ಎ. ಪರವಾಗಿ ಸಹಿ ಹಾಕಬಾರದು, ಯು.ಡಿ.ಐ.ಎನ್. ಎಂಬ ಗುರುತಿನ ಸಂಖ್ಯೆ ಇಲ್ಲದ ಪ್ರಮಾಣಪತ್ರದ ಮೇಲೆ ಸೀಲು ಒತ್ತಬಾರದು, ‘ಸರ್ ಹೇಳ್ಯಾರ’ ಎಂದು ಯಾರು ಹೇಳಿದರೂ.

ಟ್ಯಾಲಿ ಕಲಿತು ಸಂಜೆ ಅಂಗಡಿಗಳಲ್ಲಿ ಲೆಕ್ಕ ಬರೆಯುವುದು ಒಳ್ಳೆಯದು, ನಮ್ಮ ಎಷ್ಟೋ ಮಕ್ಕಳ ಫೀ ಅದರಿಂದ ಹೋಗುತ್ತದೆ. ಆದರೆ ಹಳೆಯ ತಾರೀಖಿಗೆ ಹೋಗಿ ಎಂಟ್ರಿ ಅಳಿಸಿ ಬದಲಿಸು ಎಂದರೆ ಒಪ್ಪಬಾರದು. ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ 2023ರ ಏಪ್ರಿಲ್ 1ರಿಂದ ಪ್ರತಿ ತಿದ್ದುಪಡಿಯ ದಾಖಲೆ ಉಳಿಯಲೇಬೇಕೆಂಬ ನಿಯಮ ಇದೆ. ಯಾರು, ಯಾವಾಗ, ಏನು ಬದಲಿಸಿದರು ಎಂಬುದು ಅಲ್ಲಿ ಉಳಿಯುತ್ತದೆ. ‘ಯಾರು’ ಎಂಬ ಜಾಗದಲ್ಲಿ ನಿಮ್ಮ ಲಾಗಿನ್ ಇರುತ್ತದೆ.

ಫಲಿತಾಂಶದ ದಿನ

ಸಿ.ಎ. ಇಂಟರ್‌ಮೀಡಿಯೆಟ್‌ನಲ್ಲಿ ಪ್ರತಿ ಪತ್ರಿಕೆಗೆ 40 ಬಂದರೆ ಸಾಲದು, ಗ್ರೂಪಿನ ಒಟ್ಟು ಶೇಕಡಾ 50 ಬರಬೇಕು. ಎಲ್ಲದರಲ್ಲೂ 45, 46 ಬಂದು ಫೇಲಾದವರು ಬಹಳ. ಅದಕ್ಕೆ ನಿಮಗೆ ಚೆನ್ನಾಗಿ ಬರುವ ಒಂದು ಪತ್ರಿಕೆಯನ್ನು 70ಕ್ಕೆ ಒಯ್ಯಬೇಕು, ಅದು ಬೇರೆಯದನ್ನು ಎತ್ತುತ್ತದೆ.

ಫೇಲಾದರೆ ಮನೆಯಲ್ಲಿ ಮುಚ್ಚಿಡಬಾರದು. ಮೂರು ಸಲ ಫೇಲಾಗಿ, ಪಾಸಾಗಿದ್ದೇನೆಂದು ಹೇಳಿಕೊಂಡು ರೂಮಿನಲ್ಲಿ ಒಬ್ಬನೇ ಉಳಿದ ಹುಡುಗನನ್ನು ಅವನ ತಂದೆ ಹುಡುಕಿಕೊಂಡು ಬಂದದ್ದು ನನ್ನ ಬಳಿಗೇ. ತಂದೆ ಬೈಯಲಿಲ್ಲ, ಹುಡುಗನ ಪಕ್ಕದಲ್ಲಿ ಕೂತು ಒಂದೇ ಮಾತು ಕೇಳಿದರು, ‘ನನಗ ಹೇಳಾಕ ಏನಾಗಿತ್ತಪಾ?’ ತಾಯಿ-ತಂದೆಯರೇ, ದಯವಿಟ್ಟು ಫಲಿತಾಂಶದ ದಿನ ನೆಂಟರ ಮುಂದೆ ಕೇಳಬೇಡಿ. ಹೆಣ್ಣುಮಕ್ಕಳ ಮನೆಯವರು ಆರ್ಟಿಕಲ್‌ಶಿಪ್ ನಡುವೆ ಮದುವೆ ಗೊತ್ತು ಮಾಡಬೇಡಿ. ಎರಡು ವರ್ಷ ಕಾಯಿರಿ.

ಸೋಮವಾರ ಬರುವಾಗ

ಮೊದಲ ತರಗತಿ ಸೋಮವಾರ ಬೆಳಿಗ್ಗೆ. ಎರಡು ಅಂಕಣದ ಉದ್ದ ನೋಟ್‌ಬುಕ್ಕು, ಅಡಿಪಟ್ಟಿ, ಪೆನ್ಸಿಲ್ಲು ತರಬೇಕು. ಕ್ಯಾಲ್ಕುಲೇಟರ್ ಬೇಡ. ಜೊತೆಗೆ ನಿಮ್ಮ ಮನೆಯ ಹೋದ ತಿಂಗಳ ಚೀಟಿಗಳು: ಕಿರಾಣಿ ಅಂಗಡಿಯದು, ಹೆಸ್ಕಾಂ ಬಿಲ್ಲು, ಗ್ಯಾಸಿನ ರಶೀದಿ, ಗೊಬ್ಬರದ ಅಂಗಡಿಯ ಉದ್ರಿ ಚೀಟಿ. ಹಾಲಿನವರ ಲೆಕ್ಕ ಗೋಡೆಯ ಕ್ಯಾಲೆಂಡರಿನ ಮೇಲೆ ಗೀಟು ಹಾಕಿದ್ದರೆ ಆ ಹಾಳೆಯನ್ನೇ ಹರಿದು ತನ್ನಿ, ಅವ್ವನನ್ನು ಕೇಳಿ. ಚೀಟಿ ಇಲ್ಲದ ಖರ್ಚನ್ನು ನೆನಪಿನಿಂದ ಬರೆದು ತರಬೇಡಿ. ‘ಚೀಟಿ ಇಲ್ಲ’ ಎಂದು ಒಂದು ಹಾಳೆಯಲ್ಲಿ ಬರೆದು ತನ್ನಿ.